ಚಾರ್ಟ್ ಓದಿದರೆ ಸಾಕೇ? ಮ್ಯಾಕ್ಯುಲಾ ಸವೆದ ಹಿರಿಯರ ದಿನನಿತ್ಯದ ನೋಟವನ್ನು ಮನೆಯಲ್ಲೇ ಪರೀಕ್ಷಿಸುವ ಬಗೆ

ನಮ್ಮ ಅತ್ತೆಗೆ ಈಗ 76 ವರ್ಷ. ಉಡುಪಿ ಕಡೆಯವರು, ಮದುವೆಯಾದಾಗಿನಿಂದ ಮುಂಬಯಿಯಲ್ಲೇ ಇದ್ದಾರೆ. ಕೆಲವು ವರ್ಷಗಳ ಹಿಂದೆ ಮಾಟುಂಗಾ ಮಾರ್ಕೆಟ್ಟಿನಲ್ಲಿ ಸ್ವಂತ ಮಗಳೇ ಎದುರು ಬಂದು ನಕ್ಕರೂ ಗುರುತಿಸದೆ ಮುಂದೆ ಹೋಗಿಬಿಟ್ಟರು. ಮಗಳು "ಅಮ್ಮಾ" ಎಂದು ಕರೆದ ಮೇಲೆಯೇ ತಿರುಗಿದ್ದು. "ಬಿಸಿಲಿಗೆ ಕಣ್ಣು ಕತ್ತಲೆ ಬಂತು" ಎಂದರು. ನಾವೂ ನಂಬಿದೆವು. ಪೊರೆ ಬರುತ್ತಿರಬೇಕು, ಕನ್ನಡಕದ ನಂಬರ್ ಬದಲಾಗಿರಬೇಕು ಎಂದುಕೊಂಡೆವು. ಹತ್ತಿರದ ಒಂದು ಕನ್ನಡಕದ ಅಂಗಡಿಯಲ್ಲಿ ಒಂದೇ ವರ್ಷದಲ್ಲಿ ಮೂರು ಸಲ ಕನ್ನಡಕ ಮಾಡಿಸಿಕೊಟ್ಟರು. ಮೂರು ಸಲವೂ ಅತ್ತೆ ಗೋಡೆಯ ಚಾರ್ಟಿನಲ್ಲಿ 6/12ರ ಸಾಲಿನವರೆಗೆ (ಒಳ್ಳೆಯ ಕಣ್ಣು 12 ಮೀಟರಿನಿಂದ ಓದುವುದನ್ನು 6 ಮೀಟರಿನಿಂದ) ಓದಿದರು. "ಈ ವಯಸ್ಸಿಗೆ ಚೆನ್ನಾಗಿಯೇ ಇದೆ" ಎಂದು ಕಳಿಸಿದರು.

ಆದರೆ ಮನೆಯಲ್ಲಿ ಮದುವೆಯ ಕರೆಯೋಲೆ ಓದಲು ಆಗುತ್ತಿರಲಿಲ್ಲ. ರೆಟಿನಾ, ಅಂದರೆ ಕಣ್ಣಿನೊಳಗೆ ಹಿಂಬದಿಯ ಪದರ, ನೋಡುವ ಡಾಕ್ಟರ ಹತ್ತಿರ ಹೋದ ಮೇಲೆ ಗೊತ್ತಾಯಿತು: ಇದು ವಯಸ್ಸಿನಿಂದ ಬರುವ ಮ್ಯಾಕ್ಯುಲರ್ ಡಿಜನರೇಷನ್, ಚಿಕ್ಕದಾಗಿ ಎಎಂಡಿ. ಬಲಗಣ್ಣಿನಲ್ಲಿ ಒಣ ಬಗೆ (ಮೆಲ್ಲಗೆ ಸವೆಯುವುದು), ಎಡಗಣ್ಣಿನಲ್ಲಿ ಒದ್ದೆ ಬಗೆ (ರಕ್ತನಾಳ ಸೋರುವುದು).

ಅಂದಿನಿಂದ ನಾನು ಮನೆಯಲ್ಲಿ ಒಂದು ನೋಟ್‌ಬುಕ್ ಇಟ್ಟು ಅತ್ತೆಯ ನೋಟವನ್ನು ಬರೆದಿಡುತ್ತಿದ್ದೇನೆ. ಹೇಗೆ ಮಾಡುತ್ತೇನೆ ಎಂಬುದನ್ನು ಇಲ್ಲಿ ಪೂರ್ತಿ ಹೇಳುತ್ತೇನೆ. ನಾನು ಡಾಕ್ಟರಲ್ಲ. ಇದು ಡಾಕ್ಟರ ತಪಾಸಣೆಗೆ ಬದಲಿಯೂ ಅಲ್ಲ. ಆದರೆ ಹತ್ತು ನಿಮಿಷದ ಭೇಟಿಯಲ್ಲಿ ಡಾಕ್ಟರಿಗೆ ಕಾಣದ್ದನ್ನು, ಮನೆಯಲ್ಲಿ ದಿನವಿಡೀ ಜೊತೆಗಿರುವ ನಾವು ಕಾಣಬಹುದು.

ಚಾರ್ಟ್ ಏನನ್ನು ಹೇಳುವುದಿಲ್ಲ

ಗೋಡೆಯ ಆ ಅಕ್ಷರಗಳ ಚಾರ್ಟನ್ನು ಹರ್ಮನ್ ಸ್ನೆಲೆನ್ ಎಂಬ ಡಚ್ ವೈದ್ಯರು 1862ರಲ್ಲಿ ತಂದರು. ಅಚ್ಚ ಬಿಳಿಯ ಮೇಲೆ ಕಡು ಕಪ್ಪು ಅಕ್ಷರ, ಒಳ್ಳೆಯ ಬೆಳಕು, ಒಂದೊಂದೇ ಅಕ್ಷರ, ಬೇಕಾದಷ್ಟು ಸಮಯ. ನಮ್ಮ ಮನೆ, ಮೆಟ್ಟಿಲು, ಅಡುಗೆಮನೆ ಹಾಗಿರುವುದಿಲ್ಲ ಅಲ್ವಾ?

ಮ್ಯಾಕ್ಯುಲಾ ಅಂದರೆ ರೆಟಿನಾದ ನಟ್ಟನಡುವಿನ ಸಣ್ಣ ಜಾಗ. ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು ಎಲ್ಲ ಅದರ ಕೆಲಸ. ಎಎಂಡಿಯಲ್ಲಿ ಕೆಡುವುದು ಆ ನಡುವಿನ ನೋಟ. ಸುತ್ತಲಿನ ನೋಟ ಉಳಿಯುತ್ತದೆ. ಹಾಗಾಗಿ ಅತ್ತೆ ಮನೆಯೊಳಗೆ ಎಲ್ಲಿಯೂ ಎಡವದೆ ಓಡಾಡುತ್ತಾರೆ. ಯಕ್ಷಗಾನಕ್ಕೆ ಕರೆದುಕೊಂಡು ಹೋದರೆ ವೇದಿಕೆಯ ಮೇಲೆ ಬಂದದ್ದು ಯಾವ ವೇಷ ಎಂದು ತಕ್ಷಣ ಹೇಳುತ್ತಾರೆ, ಪಕ್ಕದಲ್ಲಿ ಬಂದು ಕುಳಿತ ಸಂಬಂಧಿಕರು ಯಾರೆಂದು ಗೊತ್ತಾಗುವುದಿಲ್ಲ. ಕಿರೀಟ ದೊಡ್ಡದು, ಬಣ್ಣ ಗಾಢ. ಮುಖದ ಗುರುತುಗಳು ಸಣ್ಣವು, ಮೆತ್ತನೆಯವು. ಇದನ್ನು ತಿಳಿಯದವರು "ಬೇಕೆಂದೇ ಮಾತಾಡಿಸಲಿಲ್ಲ" ಎಂದು ಬೇಜಾರು ಮಾಡಿಕೊಳ್ಳುತ್ತಾರೆ.

ಅತ್ತೆಯ ಬಲಗಣ್ಣಿನದು ಇನ್ನೊಂದು ಕಥೆ. ಒಣ ಬಗೆ ಮುಂದುವರಿದಾಗ ಕೆಲವರಲ್ಲಿ ಮ್ಯಾಕ್ಯುಲಾದ ನಟ್ಟನಡು ಸ್ವಲ್ಪ ಕಾಲ ಚೆನ್ನಾಗಿಯೇ ಉಳಿದು, ಅದರ ಸುತ್ತ ಸವೆಯುತ್ತದೆ. ಕೆರೆಯ ನಡುವೆ ಒಂದು ಪುಟ್ಟ ನಡುಗಡ್ಡೆ ಇದ್ದಂತೆ. ಚಾರ್ಟಿನ ಒಂದು ಅಕ್ಷರ ಆ ನಡುಗಡ್ಡೆಯಲ್ಲಿ ಕೂರುತ್ತದೆ, ಕಾಣುತ್ತದೆ. ಒಂದು ಇಡೀ ಪದ ಕೂರುವುದಿಲ್ಲ. 6/12 ಓದಿಯೂ ಕರೆಯೋಲೆ ಓದಲಾಗದ ಗುಟ್ಟು ಇದು.

ಮೊದಲು ತಯಾರಿ

ಬೇಕಾದದ್ದು ಒಂದು ನೋಟ್‌ಬುಕ್, ಅಳತೆ ಟೇಪು, ಮೊಬೈಲಿನ ಸ್ಟಾಪ್‌ವಾಚ್, ಒಂದು ಟೇಬಲ್ ಲ್ಯಾಂಪ್. ಇನ್ನುಳಿದದ್ದು ಅಡುಗೆಮನೆಯಲ್ಲಿ ಸಿಗುತ್ತದೆ.

ಪ್ರತಿ ಸಲ ಒಂದೇ ಕುರ್ಚಿ, ಒಂದೇ ದೀಪ, ಒಂದೇ ಹೊತ್ತು ಇರಲಿ. ಮುಂಬಯಿಯ ಜುಲೈ ಮಧ್ಯಾಹ್ನಕ್ಕೂ ಮಾರ್ಚ್ ಮಧ್ಯಾಹ್ನಕ್ಕೂ ಬೆಳಕಿನಲ್ಲಿ ತುಂಬ ವ್ಯತ್ಯಾಸ. ಕಿಟಕಿಯ ಬೆಳಕನ್ನು ನಂಬಿದರೆ, ಮೋಡ ಕವಿದದ್ದಕ್ಕೆ ಕಣ್ಣು ಕೆಟ್ಟಿತು ಎಂದು ಹೆದರಬೇಕಾಗುತ್ತದೆ. ನಾನು ಪರದೆ ಎಳೆದು, ಟ್ಯೂಬ್‌ಲೈಟ್ ಮತ್ತು ಲ್ಯಾಂಪ್ ಹಾಕಿಯೇ ಮಾಡುತ್ತೇನೆ. ಲ್ಯಾಂಪ್ ಪಕ್ಕದಿಂದ ಕಾಗದದ ಮೇಲೆ ಬೀಳಬೇಕು, ಕಣ್ಣಿಗೆ ಹೊಡೆಯಬಾರದು.

ಆಸ್ಪತ್ರೆಯಲ್ಲಿ ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿದ ದಿನ ಪರೀಕ್ಷೆ ಬೇಡ. ಒದ್ದೆ ಬಗೆಗೆ ಕಣ್ಣಿಗೆ ಕೊಡುವ ಇಂಜೆಕ್ಷನ್ ಆದ ದಿನವೂ ಬೇಡ. ರಾತ್ರಿ ನಿದ್ದೆ ಇಲ್ಲದಿದ್ದರೆ, ಜ್ವರ ಇದ್ದರೆ ಮುಂದಕ್ಕೆ ಹಾಕಿ.

ಒಂದು ಮಾತು ಮುಖ್ಯ. ಇದು ಹಿರಿಯರಿಗೆ ಪರೀಕ್ಷೆಯಂತೆ ಅನಿಸಬಾರದು. ಮೊದಲ ದಿನ ನಾನು ಸ್ಟಾಪ್‌ವಾಚ್ ಹಿಡಿದು ಎದುರು ಕೂತಾಗ ಅತ್ತೆ, "ನನಗೆ ಶಾಲೆ ಬಿಟ್ಟು ಅರವತ್ತು ವರ್ಷ ಆಯಿತು ಮಾರಾಯ್ತಿ, ಈಗ ಮಾರ್ಕು ಹಾಕ್ತೀಯಾ?" ಎಂದರು. "ಮಾರ್ಕು ನಿಮಗಲ್ಲ ಅತ್ತೆ, ದೀಪಕ್ಕೆ ಮತ್ತು ಕನ್ನಡಕಕ್ಕೆ" ಎಂದೆ. ಆಮೇಲೆ ಒಪ್ಪಿದರು. ತಪ್ಪಾದರೆ ತಿದ್ದಬೇಡಿ, ಸುಳಿವು ಕೊಡಬೇಡಿ, ಸುಮ್ನೆ ಬರೆದುಕೊಳ್ಳಿ.

ಹಂತ 1: ಒಂದೊಂದೇ ಕಣ್ಣು, ಚೌಕಗಳ ಹಾಳೆ

ಎರಡೂ ಕಣ್ಣು ತೆರೆದಿದ್ದರೆ ಒಳ್ಳೆಯ ಕಣ್ಣು ಕೆಟ್ಟ ಕಣ್ಣಿನ ತಪ್ಪನ್ನು ಮುಚ್ಚಿಹಾಕುತ್ತದೆ. ಅತ್ತೆಯ ಎಡಗಣ್ಣು ಎಷ್ಟು ಕಾಲದಿಂದ ಕೆಟ್ಟಿತ್ತೋ, ಅವರಿಗೇ ತಿಳಿದಿರಲಿಲ್ಲ. ಅದಕ್ಕೇ ಮೊದಲ ಹಂತವನ್ನು ಕಣ್ಣು ಬೇರೆಬೇರೆ ಮಾಡಿಯೇ ನಡೆಸಬೇಕು.

ಈ ಹಾಳೆಗೆ ಆಮ್ಸ್ಲರ್ ಗ್ರಿಡ್ ಎಂದು ಹೆಸರು. ಸ್ವಿಟ್ಜರ್ಲೆಂಡಿನ ಕಣ್ಣಿನ ವೈದ್ಯ ಮಾರ್ಕ್ ಆಮ್ಸ್ಲರ್ ರೂಪಿಸಿದ್ದು. 10 ಸೆಂಟಿಮೀಟರ್ ಉದ್ದಗಲದ ಚೌಕ, ಅದರೊಳಗೆ 5 ಮಿಲಿಮೀಟರಿನ ಸಣ್ಣ ಚೌಕಗಳು, ಸಾಲಿಗೆ 20ರಂತೆ ಒಟ್ಟು 400. ನಡುವೆ ಒಂದು ದಪ್ಪ ಚುಕ್ಕೆ. ಡಾಕ್ಟರ ಹತ್ತಿರ ಕೇಳಿದರೆ ಕೊಡುತ್ತಾರೆ. ಇಲ್ಲವಾದರೆ ಬಿಳಿ ಹಾಳೆಯ ಮೇಲೆ ಕಪ್ಪು ಪೆನ್ನಿನಿಂದ, ಸ್ಕೇಲ್ ಇಟ್ಟು ನೀವೇ ಎಳೆಯಬಹುದು. ಕೈ ಅಲುಗಿ ಗೆರೆ ಸೊಟ್ಟಗಾದರೆ ಆ ಹಾಳೆ ಬಿಟ್ಟು ಹೊಸದು ಮಾಡಿ.

ಓದುವ ಕನ್ನಡಕ ಹಾಕಿರಲಿ. ಹಾಳೆ ಕಣ್ಣಿನಿಂದ ಸುಮಾರು 30 ಸೆಂಟಿಮೀಟರ್ ದೂರ, ಅಂದರೆ ಶಾಲೆಯ ಸ್ಕೇಲಿನಷ್ಟು. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಸಿ. ರೆಪ್ಪೆಯನ್ನು ಒತ್ತಬಾರದು, ಒತ್ತಿದರೆ ಆ ಕಣ್ಣಿನ ಸರದಿ ಬಂದಾಗ ಮಬ್ಬಾಗಿ ಕಾಣುತ್ತದೆ. ನೋಟ ನಡುವಿನ ಚುಕ್ಕೆಯ ಮೇಲೇ ಇರಬೇಕು. ಅಲ್ಲಿಂದ ಕದಲದೆ ಉತ್ತರಿಸಬೇಕಾದ ಪ್ರಶ್ನೆಗಳು ಇವು: ಚುಕ್ಕೆ ಕಾಣುತ್ತದೆಯಾ? ನಾಲ್ಕು ಮೂಲೆಗಳೂ ಕಾಣುತ್ತವೆಯಾ? ಗೆರೆಗಳು ಎಲ್ಲಾದರೂ ಬಾಗಿವೆಯಾ, ಅಲೆ ಎದ್ದಿವೆಯಾ? ಎಲ್ಲಾದರೂ ಚೌಕ ಕಾಣೆಯಾಗಿದೆಯಾ, ಕಲೆ ಇದೆಯಾ?

ಎಲ್ಲಿ ಹೇಗೆ ಕಾಣುತ್ತದೆ ಎಂಬುದನ್ನು ಅವರ ಕೈಯಿಂದಲೇ ಇನ್ನೊಂದು ಖಾಲಿ ಗ್ರಿಡ್ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿಸಿ. ತಾರೀಖು, ಎಡವೋ ಬಲವೋ, ಬರೆಯಿರಿ. ಈ ಹಾಳೆಗಳನ್ನು ಸಾಲಾಗಿ ಇಟ್ಟರೆ ಬದಲಾವಣೆ ಕಣ್ಣಿಗೆ ಹೊಡೆಯುತ್ತದೆ.

ಒದ್ದೆ ಬಗೆಯಲ್ಲಿ ರೆಟಿನಾದ ಕೆಳಗೆ ಹೊಸ ರಕ್ತನಾಳಗಳು ಬೆಳೆದು ಸೋರುತ್ತವೆ. ಅದರಿಂದ ರೆಟಿನಾ ಉಬ್ಬಿ ನೇರ ಗೆರೆ ಡೊಂಕಾಗಿ ಕಾಣುತ್ತದೆ. ಪೊರೆಯಲ್ಲಿ ನೋಟ ಮಂಜಾಗುತ್ತದೆ, ಹೀಗೆ ಗೆರೆ ಡೊಂಕಾಗುವುದಿಲ್ಲ. ಅತ್ತೆಗೆ ಮೊದಲು ಡೊಂಕಾಗಿ ಕಂಡದ್ದು ಬಾಲ್ಕನಿಯ ಗ್ರಿಲ್. "ಇದನ್ನು ಯಾರು ಬಗ್ಗಿಸಿದ್ದು?" ಎಂದು ಕೇಳಿದ್ದರು. ನಾವು ತಲೆಕೆಡಿಸಿಕೊಳ್ಳಲಿಲ್ಲ. ಬಚ್ಚಲಿನ ಟೈಲ್ಸ್, ಬಾಗಿಲ ಚೌಕಟ್ಟು, ಕಿಟಕಿಯ ಸರಳು ಇವೆಲ್ಲ ದಿನಾ ಎದುರಿಗಿರುವ ಗ್ರಿಡ್‌ಗಳೇ. ಒಂದು ಕಣ್ಣು ಮುಚ್ಚಿ ನೋಡುವ ಅಭ್ಯಾಸ ಮಾಡಿಸಿ.

ಗ್ರಿಡ್ ಸರಿಯಾಗಿ ಕಂಡಿತೆಂದು ಪೂರ್ತಿ ನಿಶ್ಚಿಂತರಾಗಬೇಡಿ. ಕಾಣದ ಜಾಗವನ್ನು ಮಿದುಳು ಸುತ್ತಲಿನ ಗೆರೆಗಳಿಂದ ತುಂಬಿಬಿಡುತ್ತದೆ. ಡಾಕ್ಟರ್ ಹೇಳಿದ ದಿನಕ್ಕೆ ಹೋಗಲೇಬೇಕು.

ಹಂತ 2: ಕನ್ನಡ ಓದಿಸಿ

ಇದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಹಂತ. ಮುಂಬಯಿಯ ಕ್ಲಿನಿಕ್ಕುಗಳಲ್ಲಿ ಹತ್ತಿರದ ಓದಿಗೆ ಕೊಡುವ ಕಾರ್ಡು ಇಂಗ್ಲಿಷ್, ಮರಾಠಿ ಅಥವಾ ಹಿಂದಿಯದು. ಅತ್ತೆ ಜೀವಮಾನವೆಲ್ಲ ಓದಿದ್ದು ಕನ್ನಡ. ಮರಾಠಿ ಕಾರ್ಡಿನಲ್ಲಿ ತಡವರಿಸಿದರೆ ಅದು ಕಣ್ಣಿನದೋ ಭಾಷೆಯದೋ ಹೇಗೆ ಹೇಳುವುದು?

ಮನೆಗೆ ಬರುವ 'ಕರ್ನಾಟಕ ಮಲ್ಲ' ಆಗಲಿ, ಬೇರೆ ಯಾವುದೇ ಪತ್ರಿಕೆಯಾಗಲಿ, ಅವರು ಹಿಂದೆ ಓದಿರದ ಒಂದು ಸುದ್ದಿ ಆರಿಸಿ. ಬಾಯಿಪಾಠ ಇರುವ ಶ್ಲೋಕ, ಭಜನೆ ಬೇಡ. ಅದನ್ನು ಕಣ್ಣು ಓದುವುದಿಲ್ಲ, ನೆನಪು ಓದುತ್ತದೆ. 200 ಅಕ್ಷರದಷ್ಟು ಭಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಗಟ್ಟಿಯಾಗಿ ಓದಿಸಿ, ಸಮಯ ನೋಡಿ. ನಾನು ಪದ ಎಣಿಸುವುದಿಲ್ಲ, ಅಕ್ಷರ ಎಣಿಸುತ್ತೇನೆ. ಕನ್ನಡದಲ್ಲಿ "ಹೋಗಬೇಕಾಗಿತ್ತೆಂದು" ಎಂಬುದೂ ಒಂದೇ ಪದ, "ಮನೆ"ಯೂ ಒಂದೇ ಪದ. 200 ಅಕ್ಷರಕ್ಕೆ 80 ಸೆಕೆಂಡ್ ಹಿಡಿದರೆ ನಿಮಿಷಕ್ಕೆ 150 ಅಕ್ಷರ. ಇದನ್ನು ಬೇರೆಯವರ ಜೊತೆ ಹೋಲಿಸಬೇಡಿ. ಅವರದೇ ಕಳೆದ ತಿಂಗಳ ಲೆಕ್ಕದ ಜೊತೆ ಹೋಲಿಸಿ.

ತಪ್ಪುಗಳನ್ನು ಬರೆದುಕೊಳ್ಳಿ, ಅವು ತುಂಬ ಹೇಳುತ್ತವೆ. ನಮ್ಮ ಲಿಪಿಯಲ್ಲಿ ದ ಮತ್ತು ಧ, ಪ ಮತ್ತು ಫ ನಡುವೆ ಇರುವುದು ಒಂದು ಸಣ್ಣ ಸೀಳು. ಒತ್ತಕ್ಷರ ಕೆಳಗೆ ಚಿಕ್ಕದಾಗಿ ಕೂತಿರುತ್ತದೆ. ಅತ್ತೆ "ಕತ್ತೆ"ಯನ್ನು "ಕತೆ" ಎಂದು ಓದಿ, ಅರ್ಥ ಹೊಂದದೆ ಮತ್ತೆ ಹಿಂದಕ್ಕೆ ಹೋಗುತ್ತಿದ್ದರು. ಒತ್ತು ಪದೇಪದೇ ತಪ್ಪಿದರೆ ಅಕ್ಷರದ ಗಾತ್ರ ಸಾಲದು ಅಥವಾ ನೋಟದ ಕೆಳಭಾಗದಲ್ಲಿ ಕಲೆ ಇದೆ ಎಂದು ಅನುಮಾನಿಸಬಹುದು. ಪದದ ಕೊನೆ ತಪ್ಪುತ್ತಿದ್ದರೆ, "ಬಂದನು" "ಬಂದರು" ಆಗುತ್ತಿದ್ದರೆ, ಬಲಕ್ಕೆ ಕಲೆ ಇರಬಹುದು. ಸಾಲು ಮುಗಿದ ಮೇಲೆ ಮುಂದಿನ ಸಾಲಿನ ಆರಂಭ ಸಿಗದೆ ಹುಡುಕುತ್ತಿದ್ದರೆ ಎಡಕ್ಕೆ. ಇದು ಖಚಿತ ತೀರ್ಪಲ್ಲ, ಡಾಕ್ಟರಿಗೆ ಹೇಳಬೇಕಾದ ಸುಳಿವು.

ಈಗ ಅದೇ ಬಗೆಯ ಬರಹವನ್ನು ಮೂರು ಗಾತ್ರದಲ್ಲಿ ಪ್ರಿಂಟ್ ಮಾಡಿಸಿ: ಪತ್ರಿಕೆಯ ಗಾತ್ರ, ಅದರ ಎರಡು ಪಟ್ಟು, ನಾಲ್ಕು ಪಟ್ಟು. ಪ್ರತಿ ಗಾತ್ರಕ್ಕೂ ಬೇರೆ ಸುದ್ದಿ ಇರಲಿ. ಸಾಮಾನ್ಯವಾಗಿ ದೊಡ್ಡದಾದಂತೆ ಓದು ವೇಗವಾಗುತ್ತದೆ, ಒಂದು ಹಂತದ ಮೇಲೆ ಹಾಗೇ ನಿಲ್ಲುತ್ತದೆ. ಆ ಹಂತದ ಗಾತ್ರವೇ ಅವರಿಗೆ ಬೇಕಾದ ಗಾತ್ರ. ಆದರೆ ನಡುಗಡ್ಡೆಯ ಕಣ್ಣಿನವರಿಗೆ ಉಲ್ಟಾ ಆಗಬಹುದು. ನಾಲ್ಕು ಪಟ್ಟಿನ ಅಕ್ಷರ ನಡುಗಡ್ಡೆಯಿಂದ ಆಚೆ ಚೆಲ್ಲಿಹೋಗುತ್ತದೆ. ಅತ್ತೆಗೆಂದು ಆಸೆಯಿಂದ ತಂದ ದೊಡ್ಡ ಭೂತಗನ್ನಡಿ ಉಪಯೋಗಕ್ಕೆ ಬಾರದಿದ್ದದ್ದು ಇದೇ ಕಾರಣಕ್ಕೆ. ಅವರಿಗೆ ಬೇಕಿದ್ದದ್ದು ದೊಡ್ಡ ಅಕ್ಷರ ಅಲ್ಲ, ಹೆಚ್ಚು ಬೆಳಕು. ಈ ಒಂದು ಸಂಗತಿ ತಿಳಿಯಲು ನಮಗೆ ವರ್ಷ ಬೇಕಾಯಿತು, ಪರೀಕ್ಷೆಗೆ ಹಿಡಿದದ್ದು ಕಾಲು ಗಂಟೆ.

ಹಂತ 3: ಅಕ್ಕಿ ಮತ್ತು ಉದ್ದು

ಬಿಳಿಯ ಮೇಲೆ ಬಿಳಿ, ಕಪ್ಪಿನ ಮೇಲೆ ಕಪ್ಪು ಗುರುತಿಸುವ ಶಕ್ತಿ ಎಎಂಡಿಯಲ್ಲಿ ಬೇಗ ಕುಗ್ಗುತ್ತದೆ. ಆಸ್ಪತ್ರೆಯಲ್ಲಿ ಇದಕ್ಕೆ 1988ರಲ್ಲಿ ಬಂದ ಪೆಲ್ಲಿ-ರಾಬ್ಸನ್ ಚಾರ್ಟ್ ಇದೆ. ಅದರಲ್ಲಿ ಅಕ್ಷರದ ಗಾತ್ರ ಒಂದೇ, ಬಣ್ಣ ಮಾತ್ರ ಮೂರು ಮೂರು ಅಕ್ಷರಕ್ಕೆ ಮಾಸುತ್ತಾ ಹೋಗುತ್ತದೆ. ಎಲ್ಲ ಕಡೆ ತಾವಾಗಿ ಮಾಡುವುದಿಲ್ಲ, ಕೇಳಿ ಮಾಡಿಸಿಕೊಳ್ಳಿ.

ಮನೆಯಲ್ಲಿ ಹೀಗೆ ಮಾಡಿ. ಒಂದು ಅಗಲ ತಟ್ಟೆಯಲ್ಲಿ ಬೆಳ್ತಿಗೆ (ಬಿಳಿ) ಅಕ್ಕಿ ತೆಳ್ಳಗೆ ಹರಡಿ. ಅದರಲ್ಲಿ ಸಿಪ್ಪೆ ಇರುವ ಕಪ್ಪು ಉದ್ದಿನ 10 ಕಾಳು ಚೆಲ್ಲಿ. ಕೈಯಿಂದ ಮುಟ್ಟದೆ, ಕಡ್ಡಿಯಿಂದ ತೋರಿಸುತ್ತಾ ಒಂದು ನಿಮಿಷದಲ್ಲಿ ಎಷ್ಟು ಕಾಣುತ್ತವೆ ಎಂದು ಎಣಿಸಿ. ಆಮೇಲೆ ಕಪ್ಪು ತೆಗೆದು ಸಿಪ್ಪೆ ತೆಗೆದ ಬಿಳಿ ಉದ್ದಿನ 10 ಕಾಳು ಹಾಕಿ ಅದನ್ನೇ ಮಾಡಿ. ಅತ್ತೆಗೆ ಕಪ್ಪು ಹತ್ತಕ್ಕೆ ಒಂಬತ್ತು ಸಿಕ್ಕವು, ಬಿಳಿ ಎರಡು. ಮುಟ್ಟಬಾರದು ಎಂಬ ನಿಯಮ ಯಾಕೆಂದರೆ, ಐವತ್ತು ವರ್ಷ ಅಕ್ಕಿ ಆರಿಸಿದ ಬೆರಳಿಗೆ ಕಣ್ಣೇ ಬೇಡ.

ಇದರ ಫಲ ಅದೇ ದಿನ ಊಟದ ತಟ್ಟೆಯಲ್ಲಿ ಸಿಗುತ್ತದೆ. ಬಿಳಿ ತಟ್ಟೆಯಲ್ಲಿ ನೀರ್‌ದೋಸೆ, ಮೊಸರನ್ನ ಕಾಣುವುದಿಲ್ಲ. ಬಾಳೆಲೆಯ ಮೇಲೆ ಚೆನ್ನಾಗಿ ಕಾಣುತ್ತದೆ. ನಾವು ಕಡು ಹಸಿರು ತಟ್ಟೆ ತಂದೆವು. ಕಾಫಿಗೆ ಒಳಗೆ ಬಿಳಿ ಇರುವ ಲೋಟ, ಮಜ್ಜಿಗೆಗೆ ಗಾಢ ಬಣ್ಣದ್ದು.

ಮೆಟ್ಟಿಲನ್ನೂ ಇದರ ಜೊತೆಗೇ ನೋಡಿ. ನಮ್ಮ ಕಟ್ಟಡದ ಮೆಟ್ಟಿಲು ಬೂದು ಕೋಟಾ ಕಲ್ಲಿನದು, ಅಂಚು ಎಲ್ಲಿ ಮುಗಿಯಿತು ಎಂದು ಮೇಲಿನಿಂದ ಇಳಿಯುವವರಿಗೆ ಗೊತ್ತಾಗುವುದಿಲ್ಲ. ನೀವು ಒಂದು ಮೆಟ್ಟಿಲು ಕೆಳಗೆ ನಿಂತು, ಅವರ ಕೈ ಕಟಕಟೆಯ ಮೇಲಿರುವಾಗ, "ಅಂಚು ಎಲ್ಲಿದೆ ತೋರಿಸಿ" ಎಂದು ಕೇಳಿ. ಸೊಸೈಟಿಯವರಿಗೆ ಹೇಳಿ ಪ್ರತಿ ಅಂಚಿಗೆ ಹಳದಿ ಪಟ್ಟಿ ಬಳಿಸಿದ್ದು ನಮ್ಮ ಅಂತಸ್ತಿನ ಎಲ್ಲ ಹಿರಿಯರಿಗೂ ಉಪಯೋಗವಾಯಿತು.

ಹಂತ 4: ಬಿಸಿಲಿನಿಂದ ನೆರಳಿಗೆ

ಬೆಳಕು ಬದಲಾದಾಗ ಕಣ್ಣು ಹೊಂದಿಕೊಳ್ಳಲು ಎಎಂಡಿ ಇರುವವರಿಗೆ ಜಾಸ್ತಿ ಹೊತ್ತು ಬೇಕು. ಹೊರಗಿನಿಂದ ಬಂದ ತಕ್ಷಣ ಕೂರಿಸಿ, ಎದುರಿನ ಗೋಡೆಯ ಕ್ಯಾಲೆಂಡರಿನ ದೊಡ್ಡ ಅಂಕಿ ಕಾಣಲು ಎಷ್ಟು ಸೆಕೆಂಡ್ ಬೇಕಾಯಿತು ಎಂದು ಬರೆಯಿರಿ. ಜೊತೆಗಿರುವ ಆರೋಗ್ಯವಂತರ ಸಮಯವನ್ನೂ ಬರೆಯಿರಿ. ಟಾರ್ಚನ್ನು ಕಣ್ಣಿಗೆ ಹಿಡಿದು ಪರೀಕ್ಷಿಸಲು ಹೋಗಬೇಡಿ.

ಹಂತ 5: ನೋಟು ಮತ್ತು ಮುಖ

10ರಿಂದ 500ರವರೆಗಿನ ನೋಟುಗಳನ್ನು ಕಲಸಿ ಕೊಡಿ. ಹೆಸರು ಹೇಳಿಸಿ, ಮೊದಲು ಲ್ಯಾಂಪ್ ಕೆಳಗೆ, ಆಮೇಲೆ ಮಬ್ಬು ಬೆಳಕಿನಲ್ಲಿ. ಯಾವುದಕ್ಕೆ ಯಾವುದು ಬದಲಾಯಿತು ಎಂಬುದನ್ನು ಗಮನಿಸಿ. ಅತ್ತೆಗೆ ಗೊಂದಲ 20 ಮತ್ತು 200ರದು, ಎರಡೂ ಹಳದಿ ಛಾಯೆ. 20ರ ನೋಟು 129 ಮಿಲಿಮೀಟರ್ ಉದ್ದ, 200ರದು 146. ಬೆರಳಿನಿಂದ ಉದ್ದ ಅಳೆಯುವುದನ್ನು ಕಲಿಸಿದೆ. 100ರ ನೋಟಿನ ಎರಡೂ ಅಂಚಿನಲ್ಲಿ ಉಬ್ಬಿದ 4 ಗೆರೆ, 500ರದಕ್ಕೆ 5 ಗೆರೆ ಇವೆ. ಹೊಸ ನೋಟಿನಲ್ಲಿ ಇದು ಕೈಗೆ ಸಿಗುತ್ತದೆ, ಹಳತಾದರೆ ಸವೆಯುತ್ತದೆ. ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ 'ಮಣಿ' ಎಂಬ ಆ್ಯಪ್ ನೋಟನ್ನು ನೋಡಿ ಬಾಯಲ್ಲಿ ಹೇಳುತ್ತದೆ.

ಮುಖಕ್ಕೆ, ಮನೆಯ ನಾಲ್ಕೈದು ಮಂದಿ ಮಾತಾಡದೆ, ಬಳೆಯ ಸದ್ದೂ ಇಲ್ಲದೆ, 3 ಮೀಟರ್ ದೂರದಲ್ಲಿ ಒಬ್ಬೊಬ್ಬರೇ ಬಂದು ನಿಲ್ಲಿ. ಗುರುತು ಸಿಗದಿದ್ದರೆ 2 ಮೀಟರ್, ಆಮೇಲೆ 1. ಹಿರಿಯರು ಸ್ವರ, ನಡಿಗೆ, ಸೀರೆಯ ಬಣ್ಣದಿಂದ ಗುರುತಿಸುವುದರಲ್ಲಿ ಎಷ್ಟು ಪಳಗಿರುತ್ತಾರೆಂದರೆ ಮನೆಯವರಿಗೆ ತೊಂದರೆ ಕಾಣುವುದೇ ಇಲ್ಲ. ಗುರುತಿಸಲು ತಲೆಯನ್ನು ಯಾವ ಕಡೆ ಓರೆ ಮಾಡುತ್ತಾರೆ ನೋಡಿ. ನಡುವಿನ ಕಲೆಯನ್ನು ತಪ್ಪಿಸಿ ಪಕ್ಕದ ಒಳ್ಳೆಯ ಜಾಗದಿಂದ ನೋಡುವ ದಾರಿಯನ್ನು ಅವರೇ ಕಂಡುಕೊಂಡಿರುತ್ತಾರೆ. ಲೋ ವಿಷನ್ ತಜ್ಞರು (ಕುಗ್ಗಿದ ನೋಟದವರಿಗೆ ನೆರವಾಗುವವರು) ಇದನ್ನೇ ಅಭ್ಯಾಸ ಮಾಡಿಸುತ್ತಾರೆ. "ನೆಟ್ಟಗೆ ನೋಡಿ" ಎಂದು ತಿದ್ದಬೇಡಿ.

ಹಂತ 6: ಹೊರಗೆ, ಆದರೆ ಕೂತುಕೊಂಡು

ರಸ್ತೆ ದಾಟುವಾಗ, ರೈಲು ಹತ್ತುವಾಗ ಪರೀಕ್ಷೆ ಮಾಡಬಾರದು. ಬಸ್ ಸ್ಟಾಪಿನ ಬೆಂಚಿನಲ್ಲಿ ಕೂತು, ಬರುವ ಬೆಸ್ಟ್ (ಮುಂಬಯಿಯ ನಗರ ಸಾರಿಗೆ) ಬಸ್ಸಿನ ನಂಬರ್ ಎಷ್ಟು ಹತ್ತಿರ ಬಂದಾಗ ಓದಿದರು ಎಂದು ನೋಡಿ. ಸ್ಟೇಷನ್ನಿನ ಬೆಂಚಿನಿಂದ ಇಂಡಿಕೇಟರಿನಲ್ಲಿ ಸ್ಲೋ ರೈಲು ಯಾವುದು, ಫಾಸ್ಟ್ ಯಾವುದು ಎಂದು ಕೇಳಿ. ಓಡುವ ಅಕ್ಷರ ಓದಲಾಗದೆ ಸಮಯದ ಅಂಕಿ ಮಾತ್ರ ಓದಿದರೆ ಅದನ್ನೂ ಬರೆಯಿರಿ. ಒಬ್ಬರೇ ಹೋಗಿಬರಬಹುದೇ ಎಂಬ ಪ್ರಶ್ನೆಗೆ ಉತ್ತರ ಚಾರ್ಟಿಗಿಂತ ಇಲ್ಲಿ ಸಿಗುತ್ತದೆ.

ಕೇಳಲೇಬೇಕಾದ ಒಂದು ಪ್ರಶ್ನೆ

ಮೆಲ್ಲಗೆ, ಒಬ್ಬರೇ ಇರುವಾಗ ಕೇಳಿ: "ಇಲ್ಲದ್ದು ಏನಾದರೂ ಕಾಣುತ್ತದೆಯಾ?" ನೋಟ ಕುಗ್ಗಿದ ಕೆಲವರಿಗೆ ಹೂವಿನ ಬಳ್ಳಿ, ಬಣ್ಣದ ಚಿತ್ತಾರ, ಮಕ್ಕಳು, ಅಪರಿಚಿತ ಮುಖಗಳು ಕಾಣುತ್ತವೆ. ಇದಕ್ಕೆ ಚಾರ್ಲ್ಸ್ ಬಾನೆ ಸಿಂಡ್ರೋಮ್ ಎನ್ನುತ್ತಾರೆ. ಕಣ್ಣಿನಿಂದ ಬರುವ ಚಿತ್ರ ಕಡಿಮೆಯಾದಾಗ ಮಿದುಳು ತಾನೇ ಚಿತ್ರ ಕಟ್ಟುತ್ತದೆ. ಇದು ಹುಚ್ಚಲ್ಲ, ದೆವ್ವವೂ ಅಲ್ಲ. ಅತ್ತೆ ತಿಂಗಳುಗಟ್ಟಲೆ ಗೋಡೆಯ ಮೇಲೆ ಜಾಲರಿ ಕಂಡರೂ ಯಾರಿಗೂ ಹೇಳಿರಲಿಲ್ಲ. "ನನ್ನನ್ನು ಹುಚ್ಚಿ ಅಂದುಕೊಳ್ತೀರಿ ಅಂತ ಹೆದರಿಕೆ" ಎಂದರು. ಹೇಳಿದ ದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದರು. ಡಾಕ್ಟರಿಗೂ ತಿಳಿಸಿ, ಬೇರೆ ಕಾರಣವಿದ್ದರೆ ಅವರು ನೋಡುತ್ತಾರೆ.

ಯಾವಾಗ ಓಡಬೇಕು

ಗೆರೆ ಹೊಸದಾಗಿ ಬಾಗಿತು, ಹೊಸ ಕಪ್ಪು ಕಲೆ ಬಂತು, ಒಂದೇ ಕಣ್ಣಿನ ಓದು ತಟ್ಟನೆ ಬಿತ್ತು ಎಂದಾದರೆ ಮುಂದಿನ ತಿಂಗಳ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಆ ದಿನವೇ ಫೋನ್ ಮಾಡಿ, ಒಂದೆರಡು ದಿನದಲ್ಲೇ ತೋರಿಸಿ. ಒದ್ದೆ ಬಗೆಗೆ ಕಣ್ಣಿನೊಳಗೆ ಕೊಡುವ ಇಂಜೆಕ್ಷನ್ ಇದೆ. ಸೋರುವಿಕೆ ತಡೆಯಲು ಅದು ಬೇಗ ಸಿಕ್ಕಷ್ಟೂ ಉಳಿಯುವ ನೋಟ ಹೆಚ್ಚು. ಇಂಜೆಕ್ಷನ್ ಆದ ಮೇಲೆ ನೋವು ಹೆಚ್ಚುತ್ತಾ ಹೋದರೆ, ಕಣ್ಣು ಕೆಂಪಾಗಿ ನೋಟ ಮಂಜಾದರೆ ರಾತ್ರಿಯಾದರೂ ಸರಿ, ಆಗಲೇ ಹೋಗಬೇಕು. ಸೋಂಕು ಇರಬಹುದು.

ನೋಟ್‌ಬುಕ್ಕನ್ನು ಏನು ಮಾಡುವುದು

ಡಾಕ್ಟರಿಗೆ ಇಡೀ ಪುಸ್ತಕ ಕೊಡಬೇಡಿ, ಓದಲು ಸಮಯವಿರುವುದಿಲ್ಲ. ಒಂದೇ ಹಾಳೆಯಲ್ಲಿ ಬರೆಯಿರಿ: ಕಳೆದ ಸಲದ ಗ್ರಿಡ್, ಈ ಸಲದ ಗ್ರಿಡ್, ಓದಿನ ವೇಗ, ಯಾವ ಕೆಲಸ ಹೊಸದಾಗಿ ಕಷ್ಟವಾಗಿದೆ. ಅತ್ತೆಯ ಒತ್ತಕ್ಷರದ ತಪ್ಪುಗಳ ಪಟ್ಟಿ ನೋಡಿದ ಮೇಲೆಯೇ ಡಾಕ್ಟರ್ ನಮ್ಮನ್ನು ಲೋ ವಿಷನ್ ವಿಭಾಗಕ್ಕೆ ಕಳಿಸಿದ್ದು.

ಒಳ್ಳೆಯ ಕಣ್ಣಿನಲ್ಲಿ, ಕನ್ನಡಕ ಹಾಕಿಯೂ, ನೋಟ 6/18 ದಾಟದಿದ್ದರೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಅದು ಲೋ ವಿಷನ್ ಲೆಕ್ಕಕ್ಕೆ ಬರುತ್ತದೆ. ಎಷ್ಟು ಶೇಕಡಾ ಎಂದು ಸರ್ಕಾರಿ ಆಸ್ಪತ್ರೆಯಲ್ಲಿ ಅಳೆದು ಪ್ರಮಾಣಪತ್ರ, ಯುಡಿಐಡಿ (ವಿಕಲಚೇತನರ ಗುರುತಿನ) ಕಾರ್ಡು ಕೊಡುತ್ತಾರೆ. ಹೆಚ್ಚಿನ ಸವಲತ್ತುಗಳಿಗೆ 40 ಶೇಕಡಾ ಬೇಕು. 1952ರಲ್ಲಿ ಶುರುವಾದ, ವರ್ಲಿಯಲ್ಲಿರುವ ನ್ಯಾಷನಲ್ ಅಸೋಸಿಯೇಷನ್ ಫಾರ್ ದ ಬ್ಲೈಂಡ್‌ನಲ್ಲೂ ವಿಚಾರಿಸಬಹುದು.

ಇನ್ನು ಎಷ್ಟು ದಿನಕ್ಕೊಮ್ಮೆ? ಗ್ರಿಡ್ಡನ್ನು ನಾವು ಫ್ರಿಜ್ಜಿನ ಬಾಗಿಲಿಗೆ, ಅತ್ತೆಯ ಕಣ್ಣಿನ ಎತ್ತರಕ್ಕೆ ಅಂಟಿಸಿದ್ದೇವೆ. ಬೆಳಿಗ್ಗೆ ಹಾಲು ತೆಗೆಯುವ ಮೊದಲು ದೀಪ ಹಾಕಿ, ಓದುವ ಕನ್ನಡಕ ಇಟ್ಟು, ಒಂದೊಂದೇ ಕಣ್ಣಿನಲ್ಲಿ ನೋಡುತ್ತಾರೆ. ಓದು ಮತ್ತು ಅಕ್ಕಿ ತಿಂಗಳಿಗೊಮ್ಮೆ. ನೋಟು, ಮುಖ, ಬಸ್ಸು ಆರು ತಿಂಗಳಿಗೊಮ್ಮೆ ಸಾಕು.